ಡಾಕ್ಟರ ಮುಂದೆ ಗಟ್ಟಿಯಾಗುವ ಭಾವ

ನಮ್ಮ ಭಾವನ ಅಜ್ಜ ಬಾಚಿಯೇಟಿಗೆ ಹೆಬ್ಬೆರಳು ಸೀಳಿದಾಗ ಬಟ್ಟೆ ಸುತ್ತಿಕೊಂಡು, ಕೆತ್ತಲು ಹಿಡಿದ ಬಾಗಿಲು ಮುಗಿಸಿಯೇ ಎದ್ದವರು. ಅವರಪ್ಪ ತೊಲೆಯ ಮೇಲಿಂದ ಬಿದ್ದು, ಮೈ ಕೊಡವಿಕೊಂಡು ಮತ್ತೆ ಅದೇ ತೊಲೆ ಹತ್ತಿದವರು. ಆ ಮನೆತನದ ಬಡಗಿಯಾದ ನಮ್ಮ ಭಾವ, ಡಾಕ್ಟರ ಹತ್ತಿರ ಹೋಗುವುದೆಂದರೆ ಪರೀಕ್ಷೆಗೆ ಕೂರುವುದೆಂದೇ ತಿಳಿದಿದ್ದಾರೆ. ತಿಂಗಳಿಡೀ ಮರೆತ ಮಾತ್ರೆಯನ್ನು ಹೋಗುವ ಹಿಂದಿನ ಮೂರು ದಿನ ತಪ್ಪದೆ ನುಂಗುತ್ತಾರೆ, ಕ್ಷೌರ ಮಾಡಿಸಿಕೊಂಡು ಇಸ್ತ್ರಿ ಅಂಗಿ ತೊಡುತ್ತಾರೆ. ಹೊರಗಿನ ಬೆಂಚಿನಲ್ಲಿ ಕೂತು ಎದೆ ಹಿಡಿಯುವುದು, ಎಡಗೈ ಜೋಮು, ಮೆಟ್ಟಿಲೇರಿದರೆ ಏದುಸಿರು ಎಲ್ಲವನ್ನೂ ಪಕ್ಕದವರಿಗೆ ಬಣ್ಣಿಸುತ್ತಾರೆ. ಒಳಗೆ ಹೋದರೋ, ಎದೆ ಸೆಟೆಸಿ ನಿಲ್ಲುತ್ತಾರೆ. "ಏನು ತೊಂದರೆ?" ಎಂದರೆ, "ಏನಿಲ್ಲ ಡಾಕ್ಟ್ರೇ, ಗುಂಡುಕಲ್ಲು ಇದ್ದಂಗಿದೀನಿ. ನಿಮ್ಮ ಮೇಜಿನ ಕಾಲು ಅಲ್ಲಾಡ್ತಿದೆ, ಒಂದು ಬೆಣೆ ಹೊಡೀಲಾ?" ಆ ಡಾಕ್ಟರೂ ಕಡಿಮೆಯವರಲ್ಲ, ಬಿ.ಪಿ. ನೋಡಿ, ತಲೆಯೆತ್ತದೆ ಅದೇ ಮಾತ್ರೆ ಬರೆದು ಮುಂದಿನವರನ್ನು ಕರೆಯುತ್ತಾರೆ. ನನಗೋ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಮೊನ್ನೆ ಬೆಂಚಿನಲ್ಲಿ ಅವರ ಜೇಬಿನಿಂದ ಒಂದು ಚೀಟಿ ಜಾರಿತು. ಮರಕ್ಕೆ ಗುರುತು ಹಾಕುವ ದಪ್ಪ ಪೆನ್ಸಿಲಿನಲ್ಲಿ, ಎದೆನೋವು ಬಂದ ದಿನಗಳನ್ನೆಲ್ಲ ಅವರೇ ಬರೆದಿಟ್ಟಿದ್ದರು. ಎಷ್ಟು ಸಲ ಒಳಗೆ ಹೋಗಿ ಹಾಗೇ ವಾಪಸು ಬಂದಿತ್ತೋ, ಮಡಿಕೆಗಳಲ್ಲೆಲ್ಲ ಹರಿದಿತ್ತು. "ಇದನ್ನ ಕೊಡಿ ಭಾವ, ನಾನೇ ತೋರಿಸ್ತೀನಿ" ಎಂದೆ. ಕಿತ್ತುಕೊಂಡು ಜೇಬಿಗಿಟ್ಟರು. "ಬೇಡಪ್ಪ. ನಿಮ್ಮಕ್ಕ ಎಲ್ಲಾನೂ ಬಿಚ್ಚಿ ಹೇಳಿದ ದಿನಾನೇ ಅವಳನ್ನ ಇದೇ ಆಸ್ಪತ್ರೇಲಿ ಮಲಗಿಸ್ಕೊಂಡ್ರು, ಮತ್ತೆ ಮನೆಗೆ ಕಳಿಸ್ಲಿಲ್ಲ. ನೀನು ಇಲ್ಲೇ ಕೂತಿರು, ನಾನು ಚೆನ್ನಾಗಿದೀನಿ ಅಂತ ಹೇಳಿ ಬಂದ್ಬಿಡ್ತೀನಿ."