ಅಕ್ಕಾರ ಪರದೆಯ ಮೇಲಿನ ಖಾಲಿ ಜಾಗ

ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ ನಕ್ಷೆ ಬರೆಯುವ ಒಂದು ಕಚೇರಿಯಿತ್ತು. ನನ್ನ ಮೊದಲ ನೌಕರಿ ಅಲ್ಲಿ. ಎರಡು ಸಾವಿರದ ಇಸವಿ ದಾಟಿ ಹೆಚ್ಚು ಕಾಲವಾಗಿರಲಿಲ್ಲ. ಅಪ್ಪ ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಇಳಿಸುವ ಕೆಲಸಕ್ಕಿದ್ದ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ.

ನನ್ನ ಪಾಲಿಗೆ ಬಂದದ್ದು ಕಂಪ್ಯೂಟರುಗಳ ಉಸ್ತುವಾರಿ. ಎಲ್ಲ ವಿಭಾಗಗಳ ನಕ್ಷೆಗಳೂ ಹೊಸದಾಗಿ ಬಂದ ಒಂದೇ ಸರ್ವರಿನಲ್ಲಿರುತ್ತಿದ್ದವು. ಮೇಜಿನ ಮೇಲಿನ ಯಂತ್ರಗಳು ನೆಟ್‌ವರ್ಕ್ ಮೂಲಕ ಅಲ್ಲಿಂದಲೇ ಓದಿ, ಅಲ್ಲಿಗೇ ಬರೆಯುತ್ತಿದ್ದವು. ಒಂದೇ ವಿಭಾಗ ಇಡೀ ಡಿಸ್ಕನ್ನು ನುಂಗಬಾರದೆಂದು ಪ್ರತಿ ಫೋಲ್ಡರಿಗೂ ಇಷ್ಟೇ ಜಾಗ ಎಂದು ಮಿತಿ ಹಾಕಿದ್ದರು. ಅದಕ್ಕೆ ಕೋಟಾ ಎನ್ನುತ್ತಿದ್ದೆವು.

ನಕ್ಷೆ ವಿಭಾಗಕ್ಕೆ ಕಾಮಠಿಯಿಂದ ಒಬ್ಬ ಹಿರಿಯ ಹೆಂಗಸು ಬರುತ್ತಿದ್ದರು. ತವರು ಬೆಳಗಾವಿ ಕಡೆ. ವರ್ಷಗಟ್ಟಲೆ ಶಾಯಿಯಲ್ಲಿ ನಕ್ಷೆ ಬರೆದವರು, ಹಟ ಹಿಡಿದು ಕಂಪ್ಯೂಟರ್ ಕಲಿತಿದ್ದರು. ಆ ಕಚೇರಿಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ನಾನು ಅವರಿಗೆ ಅಕ್ಕಾರು ಎನ್ನುತ್ತಿದ್ದೆ. ಅವರು, “ತಮ್ಮಾ, ಬಾ, ಚಹಾ ಆರಿ ಹೊಂಟೈತಿ. ಆ ಡಬ್ಬಿ ಎಲ್ಲೂ ಓಡಿ ಹೋಗೂದಿಲ್ಲ” ಎಂದು ಕರೆಯುತ್ತಿದ್ದರು.

ಒಂದು ಮುಂಜಾನೆ ಅವರ ಕೆರೆಯ ನಕ್ಷೆ ತೆರೆದರೆ ಖಾಲಿ. ಎಷ್ಟೋ ದಿನಗಳ ಕೆಲಸ. ಒಂದು ಗೆರೆಯೂ ಉಳಿದಿರಲಿಲ್ಲ.

ಕಚೇರಿಯ ಮುಖ್ಯಸ್ಥರಾದ ಸಾಹೇಬರು ಬಂದು ಪರದೆ ನೋಡಿದರು. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಖಾಲಿಯಿದೆ ಎಂದು ಅದು ತೋರಿಸುತ್ತಿತ್ತು. ಸರ್ವರ್ ಮಾರಿದ ಕಂಪನಿಯ ಇಂಜಿನಿಯರನನ್ನು ಕರೆಸಿದರು. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹೊಸ ಫೋಲ್ಡರನ್ನು ನೇರವಾಗಿ ಜೋಡಿಸಿ ಪರೀಕ್ಷೆ ಮಾಡಿ, “ಮಶೀನ್ ಬರೋಬರ್ ಆಹೆ”, ಯಂತ್ರ ಸರಿಯಾಗಿಯೇ ಇದೆ ಎಂದು ಮರಾಠಿಯಲ್ಲಿ ಹೇಳಿಬಿಟ್ಟ. ಅಂದಮೇಲೆ ತಪ್ಪು ಯಾರದು? ಅಕ್ಕಾರೇ ಅಳಿಸಿರಬೇಕು. ಸೋಮವಾರದಿಂದ ಅವರನ್ನು ಹಳೆಯ ಕಡತಗಳ ಕೋಣೆಗೆ ಕಳಿಸುವುದೆಂದು ಸಾಹೇಬರು ಹೇಳಿದರು.

“ನಾ ಅಳಿಸಿಲ್ಲೋ ತಮ್ಮಾ,” ಎಂದರು ಅಕ್ಕಾರು. “ಸೇವ್ ಮಾಡೂ ಮೊದಲ ಜಾಗಾ ನೋಡೇನಿ. ಭರ್ಪೂರ್ ಇತ್ತು. ಆ ಧೂಳಿನ ಖೋಲ್ಯಾಗ ಕುಂತು ನಾ ಏನ್ ಮಾಡ್ಲಿ?”

ಮನೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಉಣ್ಣುತ್ತಿದ್ದವನು ಕೈ ನಿಲ್ಲಿಸಿ, “ನಮ್ಮ ಕಾಲನಿ ನೀರಿನ ಹಂಗ ಅನ್ನು. ಟಾಕಿ ತುಂಬೇ ಇರ್ತೈತಿ, ನಮ್ಮ ನಳ ಮಾತ್ರ ಬಂದ್” ಎಂದ. ಓದದ ಅಪ್ಪನಿಗೆ ನನ್ನ ಕೆಲಸ ಅರ್ಥವಾಯಿತಲ್ಲ ಎಂದು ಹಿಗ್ಗಿದೆ. ಆದರೆ ಹಾಗೇ ಆಗಿದೆ ಎಂದು ತೋರಿಸುವುದು ಹೇಗೆ?

ಮರುದಿನ ಒಂದು ಹೊಸ ಫೋಲ್ಡರು ಮಾಡಿ ಅದಕ್ಕೆ ಚಿಕ್ಕ ಮಿತಿ ಹಾಕಿದೆ. ಇಂಜಿನಿಯರ್ ಮಾಡಿದಂತೆಯೇ ಆ ಫೋಲ್ಡರನ್ನೇ ನೇರವಾಗಿ ನನ್ನ ಯಂತ್ರಕ್ಕೆ ಜೋಡಿಸಿದೆ. ಫೈಲು ತುಂಬುತ್ತ, ಎಷ್ಟು ಉಳಿದಿದೆ ಎಂದು ಕೇಳುತ್ತ ಹೋದೆ. ಲೆಕ್ಕ ಸರಿಯಾಗಿಯೇ ಇಳಿಯಿತು. ಮಿತಿ ಮುಟ್ಟಿದಾಗ ಸೊನ್ನೆ ತೋರಿಸಿತು. ಅಲ್ಲಿಗೆ ನನಗೂ ಅಕ್ಕಾರ ಮೇಲೆ ಅನುಮಾನ ಬಂತು.

ಆದರೂ ಅವರ ಮೇಜಿಗೆ ಹೋದೆ. “ಅಕ್ಕಾರ, ನಿಮ್ಮ ಫೋಲ್ಡರ್ ದಿನಾ ಹೆಂಗ ತೆರೀತೀರಿ, ಹಂಗ ನಾ ಮಾಡಿದ ಈ ಹೊಸಾದನ್ನ ತೆರೀರಿ. ನಾ ಮುಟ್ಟೂದಿಲ್ಲ” ಎಂದೆ.

ಅವರು ಮೊದಲು ಎಲ್ಲ ವಿಭಾಗಗಳನ್ನೂ ಒಳಗಿಟ್ಟುಕೊಂಡ ದೊಡ್ಡ ಫೋಲ್ಡರನ್ನು ತೆರೆದರು. ಅಲ್ಲಿಂದ ನಾನು ಮಾಡಿದ ಚಿಕ್ಕ ಫೋಲ್ಡರಿಗೆ ಇಳಿದರು. ನಮ್ಮ ಕಚೇರಿಯ ಪದ್ಧತಿಯೇ ಅದು. ಯಾವ ಮೇಜಿನಲ್ಲಿ ಕೂತರೂ ಎಲ್ಲರ ಕೆಲಸ ಕಾಣಬೇಕೆಂಬ ಸಾಹೇಬರ ಅಪ್ಪಣೆಯಂತೆ ಪ್ರತಿ ಯಂತ್ರಕ್ಕೂ ಮೇಲಿನ ಫೋಲ್ಡರನ್ನೇ ಜೋಡಿಸಿದ್ದರು. ಜಾಗ ಎಷ್ಟಿದೆ ಎಂದು ಅಲ್ಲಿ ಕೇಳಿದರೆ ಯಂತ್ರ ಹೇಳುತ್ತಿದ್ದುದು ಇಡೀ ಡಿಸ್ಕಿನ ಲೆಕ್ಕ. ಚಿಕ್ಕ ಫೋಲ್ಡರು ತುಂಬಿಹೋಗಿದ್ದರೂ ಪರದೆಯ ಮೇಲೆ ಜಾಗವೋ ಜಾಗ! ನಮ್ಮ ನಕ್ಷೆಯ ತಂತ್ರಾಂಶವೋ, ಸೇವ್ ಮಾಡುವಾಗ ಮೊದಲು ಹಳೆಯ ಫೈಲನ್ನು ಬರಿದು ಮಾಡಿ ಆಮೇಲೆ ಹೊಸದನ್ನು ಬರೆಯುತ್ತಿತ್ತು. ಹೊಸದು ಪೂರ್ತಿ ಹಿಡಿಸದಿದ್ದರೆ ತುಟಿ ಬಿಚ್ಚುತ್ತಿರಲಿಲ್ಲ; ಅರ್ಧಕ್ಕೆ ನಿಂತ ಫೈಲು ತೆರೆದರೆ ಖಾಲಿಯೇ ಕಾಣುತ್ತಿತ್ತು.

“ಅಯ್ಯ, ಎಂಥಾ ಸುಳ್ಳಬುರಕ ಐತೋ ಇದು!” ಎಂದು ಅಕ್ಕಾರು ಮಾನಿಟರಿನ ತಲೆಗೆ ಒಂದು ಏಟು ಕೊಟ್ಟರು.

ಸಾಹೇಬರಿಗೆ ನಾನು ವಿವರಿಸಲು ಹೋಗಲಿಲ್ಲ. ಅವರನ್ನೇ ಅಕ್ಕಾರ ಕುರ್ಚಿಯಲ್ಲಿ ಕೂಡಿಸಿ, ತುಂಬಿದ ಫೋಲ್ಡರಿನೊಳಗಿದ್ದ ಒಂದು ಹಳೆಯ ನಕ್ಷೆಯ ಪ್ರತಿಗೆ ನಾಲ್ಕು ಗೆರೆ ಸೇರಿಸಿ ಸೇವ್ ಮಾಡಲು ಹೇಳಿದೆ. ಇಂಜಿನಿಯರ್ ಹಿಂದೆ ನಿಂತಿದ್ದ. ಸಾಹೇಬರು ಜಾಗ ನೋಡಿದರು, ತಲೆಯಾಡಿಸಿದರು, ಸೇವ್ ಮಾಡಿದರು. ಮತ್ತೆ ತೆರೆದರೆ ಖಾಲಿ.

“ಹೇ ಕಾಯ್?”, ಇದೇನು ಎಂದು ತಿರುಗಿದರು. ಇಂಜಿನಿಯರ್ ನನ್ನ ಮುಖ ನೋಡಿದ. ನಾನು ಅಕ್ಕಾರ ಮುಖ ನೋಡಿದೆ.

ಸಾಹೇಬರು ಕುರ್ಚಿಯಿಂದ ಎದ್ದರು. “ಬಾಯಿ, ತುಮ್ಹಿ ಬಸಾ”, ಅಮ್ಮಾ, ನೀವು ಕೂತುಕೊಳ್ಳಿ ಎಂದು ಅದನ್ನು ಅಕ್ಕಾರ ಕಡೆ ಸರಿಸಿದರು. ಕಡತಗಳ ಕೋಣೆಯ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ.

ಆ ವಾರವೇ ಪ್ರತಿ ವಿಭಾಗಕ್ಕೂ ಅದರದೇ ಫೋಲ್ಡರನ್ನು ನೇರವಾಗಿ ಜೋಡಿಸಿದೆವು. ಕಾಲೇಜಿನ ಪದವಿ ಕೈಗೆ ಬಂದ ದಿನಕ್ಕಿಂತ ಅಂದು ನನಗೆ ಹೆಚ್ಚು ಹೆಮ್ಮೆ ಎನಿಸಿತ್ತು. ಈಗ ಅಂಥ ಸರ್ವರುಗಳ ಮಾತು ಬಂದಾಗಲೆಲ್ಲ ನನಗೆ ಆ ಕೋಣೆಯೇ ನೆನಪಾಗುತ್ತದೆ: ಕಿಟಕಿಯಲ್ಲಿ ಕೂಲರಿನ ಸದ್ದು, ಅದರೊಳಗಿನ ಒದ್ದೆ ಹುಲ್ಲಿನ ವಾಸನೆ, ಕೆರೆಯನ್ನು ದಂಡೆಯಿಂದ ಮತ್ತೆ ಬರೆಯುತ್ತ ಕೂತ ಅಕ್ಕಾರು. ಬೇರೆಯವರ ಕೆಲಸ ನೋಡಲು ಆಗಿನಿಂದ ಮೇಜಿನಿಂದ ಮೇಜಿಗೆ ನಡೆಯಬೇಕಾಗಿದ್ದ ಸಾಹೇಬರು ಅವರ ಬೆನ್ನ ಹಿಂದೆ ಬಂದು ನಿಂತರು.

“ನೆಳ್ಳ ಬೀಳ್ತೈತಿ, ಬಾಜೂಕ ಸರೀರಿ” ಎಂದರು ಅಕ್ಕಾರು, ತಲೆಯೆತ್ತದೆ, ಅಚ್ಚ ಬೆಳಗಾವಿಯ ಕನ್ನಡದಲ್ಲಿ.

ಸಾಹೇಬರಿಗೆ ಎಷ್ಟು ತಿಳಿಯಿತೋ ಏನೋ. ಸರಿದು ನಿಂತರು.