ತತ್ತಿಯ ಸುತ್ತಲಿನ ನೀರು

ಅಂಗಳ ಗುಡಿಸಿದೆ. ನಳ ಅರ್ಧ ಗಂಟೆ ಬಂತು, ಎರಡು ಪಿಪಾಯಿ ತುಂಬಿಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಹಾಲು ಕಾಯಿಸಿದೆ, ಮಗಳಿಗೆ ಕೊಡಲಿಲ್ಲ. ಅವಳು ಖಾಲಿ ಹೊಟ್ಟೆಯಲ್ಲಿ ಇರಬೇಕಿತ್ತು. ಏಳೂವರೆಗೆ ಮಗಳು, ಅಳಿಯ, ನಾನು ನೌಬಾದದಿಂದ ಆಟೊ ಹಿಡಿದು ಆಸ್ಪತ್ರೆಗೆ ಹೊರಟೆವು.

ಮಗಳನ್ನು ಔರಾದಕ್ಕೆ ಕೊಟ್ಟು ಏಳು ವರ್ಷ. ಅಳಿಯ ಅಲ್ಲಿ ಸಾಲೆಯ ಮಾಸ್ತರ. ಹೊರಗೆ ಬೆಳೆಸಿದ ಭ್ರೂಣವನ್ನು ಎರಡು ಸಲ ಗರ್ಭದಲ್ಲಿ ಇಟ್ಟಿದ್ದರು, ಎರಡೂ ಸಲ ನಿಲ್ಲಲಿಲ್ಲ. ಮೂರನೆಯ ಸಲಕ್ಕೆಂದು, ತತ್ತಿ ಬೆಳೆಯಲಿ ಎಂದು ಹನ್ನೊಂದು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ನಮ್ಮ ಮನೆಯಲ್ಲೇ ಇದ್ದಳು. ಅಂದು ಅವಳ ಅಂಡಾಶಯದಿಂದ ತತ್ತಿ ತೆಗೆಯುವ ದಿನ.

ಈ ಸಲ ಡಾಕ್ಟರಮ್ಮ ಹೊಸದೊಂದು ಮಾತು ಹೇಳಿದ್ದರು. ಅಂಡಾಶಯದಲ್ಲಿ ಪ್ರತಿ ತತ್ತಿಯ ಸುತ್ತ ಚಮಚೆಯಷ್ಟು ನೀರಿರುತ್ತದಂತೆ. ತತ್ತಿ ಆರಿಸಿಕೊಂಡು ಆ ನೀರನ್ನು ಚೆಲ್ಲುವುದು ವಾಡಿಕೆ. ಆದರೆ ಮೈಯ ಕಾವಲು ಕಣಗಳು ಒಂದಕ್ಕೊಂದು ಕಳಿಸುವ ಸುದ್ದಿಗಳು ಅದರಲ್ಲಿರುತ್ತವೆ, ಅವಕ್ಕೆ ಸೈಟೊಕೈನ್ ಎನ್ನುತ್ತಾರೆ. ಮೈಯಲ್ಲಿ ಬಾವು ಇದ್ದರೆ ಆ ಸುದ್ದಿಗಳ ಗದ್ದಲ ಬೇರೆ. ಅದರಿಂದ ತತ್ತಿಗೆ ಏನಾಗುತ್ತದೆ ಎಂಬುದನ್ನು ಇನ್ನೂ ಕಲಿಯುತ್ತಿದ್ದೇವೆ, ಉತ್ತರ ಸಿಕ್ಕೇ ಸಿಗುತ್ತದೆ ಎನ್ನಲಾರೆ, ಒಪ್ಪಿದರೆ ಹೈದರಾಬಾದಿನಲ್ಲಿ ಇದರ ಸಂಶೋಧನೆ ಮಾಡುವವರಿಗೆ ಆ ನೀರು ಕಳಿಸುತ್ತೇವೆ ಎಂದರು. ಮಗಳು ಅಲ್ಲೇ ಸಹಿ ಹಾಕಿದ್ದಳು. ಯಾಕೆ ನಿಲ್ಲಲಿಲ್ಲ ಎಂದು ಎರಡು ಸಲವೂ ಯಾರಿಗೂ ಹೇಳಲು ಆಗಿರಲಿಲ್ಲ, ಅದೇ ಅವಳನ್ನು ಹೆಚ್ಚು ಕಾಡುತ್ತಿತ್ತು.

ಇದೆಲ್ಲ ಕೇಳಿಯೂ ನಾನು ಮಾಡಿದ ಕೆಲಸ ನೋಡಿ. ಮೂರು ದಿನದ ಹಿಂದೆ ಮಗಳ ಹಿಮ್ಮಡಿ ಒಡೆದು ನಡೆಯಲು ಬರದಾಯಿತು. ನಮ್ಮ ಕಡೆ ಅದಕ್ಕೆ ಬಿಬ್ಬಾ ಹಚ್ಚುತ್ತಾರೆ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ, ಆ ಕಪ್ಪು ಬೀಜ. ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಎಣ್ಣೆ ಒಸರುತ್ತದೆ, ಅದನ್ನು ಬಿರುಕಿಗೆ ಮುಟ್ಟಿಸುವುದು. ಭಾಲ್ಕಿ ಹತ್ತಿರದ ಭಾತಂಬ್ರಾದಲ್ಲಿ ನನ್ನವ್ವ ನನಗೆ ಹಚ್ಚಿದ್ದನ್ನೇ ನಾನು ಮಗಳಿಗೆ ಹಚ್ಚಿದೆ. ಬಿಬ್ಬಾ ಕೆಲವರ ಚರ್ಮಕ್ಕೆ ಆಗುತ್ತದೆ, ಕೆಲವರಿಗೆ ಆಗದು. ಮಗಳಿಗೆ ಆಗಲಿಲ್ಲ. ಮರುದಿನ ಗುಳ್ಳೆ ಎದ್ದು ಕಾಲಗಂಟಿನ ತನಕ ಬಾತುಕೊಂಡಿತು.

ಅಂದು ಅವಳು ಕಾಲುಚೀಲ ಹಾಕಿಕೊಂಡು ಬಂದಿದ್ದಳು. ಆಟೊದಲ್ಲಿ ನನ್ನ ಕಿವಿಯ ಹತ್ತಿರ ಬಂದು, “ಅವ್ವಾ, ಹಿಮ್ಮಡಿ ಸುದ್ದಿ ತಗೀಬ್ಯಾಡ. ಮುಂದಕ್ಕ ಹಾಕಿದ್ರ ಹನ್ನೊಂದು ದಿನ ಚುಚ್ಚಿಸ್ಕೊಂಡಿದ್ದು ದಂಡ ಆಗ್ತದ,” ಎಂದಳು. ನಾನು ಹೂಂ ಎಂದಿದ್ದೆ.

ಮಂಚದ ಹತ್ತಿರ ಸಿಸ್ಟರ್ ಒಂದು ಕಾಗದ ಹಿಡಿದು ನಿಂತು, ಜ್ವರ, ಗಾಯ, ಬಾವು, ಮನೆಮದ್ದು ಏನಾದರೂ ಇತ್ತೇ ಎಂದು ಕೇಳಿದಳು. ಏನಿಲ್ಲ ಎಂದಳು ಮಗಳು. ಸಿಸ್ಟರ್ ಬರೆದುಕೊಂಡು ಹೊರಟೇಬಿಟ್ಟಳು. ಬಾಗಿಲ ತನಕ ಹೋಗಲು ಬಿಟ್ಟೆ. ಆಮೇಲೆ ತಡೆಯಲಾಗಲಿಲ್ಲ.

“ಸಿಸ್ಟರ್, ಜರಾ ನಿಲ್ಲರಿ. ಆಕಿ ಹಿಮ್ಮಡಿಗಿ ನಾ ಬಿಬ್ಬಾ ಹಚ್ಚೀನಿ.”

ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅಂದು ಬೆಳಿಗ್ಗೆಯಷ್ಟೇ ಔರಾದದಿಂದ ಬಂದಿದ್ದ ಅಳಿಯನಿಗೆ ಈ ಸಂಗತಿಯೇ ಗೊತ್ತಿರಲಿಲ್ಲ, ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದ. ಡಾಕ್ಟರಮ್ಮ ಬಂದು ಕಾಲುಚೀಲ ತೆಗೆಸಿ ಸುತ್ತಲೂ ಒತ್ತಿ ನೋಡಿದರು.

“ಇದು ಯಾರ ಕಾರಭಾರ?”

“ನಂದೇರಿ.”

“ನಮ್ಮವ್ವಾನೂ ಹಚ್ಚತಾಳರಿ. ನಾ ಡಾಕ್ಟರಾಗಿ ಇಪ್ಪತ್ತು ವರ್ಷಾತು, ಇನ್ನೂ ಬಿಟ್ಟಿಲ್ಲ,” ಎಂದರು. ಆಮೇಲೆ ಮಗಳ ಕಡೆ ತಿರುಗಿದರು. “ಕೀವಿಲ್ಲ, ಜ್ವರ ಇಲ್ಲ. ತತ್ತಿ ಇವತ್ತೇ ತಗೀತೇವಿ. ಆದ್ರ ಆ ನೀರಿನಾಗ ಈ ಕಾಲಿನ ಬಾವಿನ ಸುದ್ದಿನೂ ಸೇರಿರಬಹುದು. ನಿಮ್ಮವ್ವ ಹೇಳದಿದ್ರ ಅದೆಲ್ಲಾ ಹೊಟ್ಟ್ಯಾಗಿಂದೇ ಅಂತ ತಿಳ್ಕೊತಿದ್ವಿ.”

ಹಾಗಾಗಿ ಈ ಸಲದ ನೀರೊಂದನ್ನೇ ನಂಬಿ ಏನೂ ಹೇಳಲು ಬರದು ಎಂದರು. ಕಾಗದದ ಮೇಲೆ ಬಿಬ್ಬಾ ಎಂದು ಬರೆದು, ಹಚ್ಚಿದ ದಿನವನ್ನೂ ನನ್ನಿಂದಲೇ ಕೇಳಿ ಬರೆದುಕೊಂಡರು.

ಒಳಗೆ ಅರ್ಧ ಗಂಟೆ ಹಿಡಿಯಿತು. ಒಂಬತ್ತು ತತ್ತಿ ಸಿಕ್ಕವೆಂದು ಸಿಸ್ಟರ್ ಬಂದು ಹೇಳಿದಳು. ಹಿಂದಿನ ಎರಡು ಸಲಕ್ಕಿಂತ ಹೆಚ್ಚು. ಮಗಳು ಎಚ್ಚರವಾಗಿ ಮೊದಲು ಕೇಳಿದ್ದು ನೀರು ಚೆಲ್ಲಿಬಿಟ್ಟರಾ ಎಂದು. ಚೆಲ್ಲಿಲ್ಲ, ಗುರುತು ಹಾಕಿ ತೆಗೆದಿಟ್ಟಿದ್ದೇವೆ ಎಂದಾಗ ಕಣ್ಣು ಮುಚ್ಚಿ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದಳು.

“ಹೇಳಿದ್ದು ಚೊಲೋ ಆತು ಬಿಡು. ಆದ್ರ ಇನ್ನಮ್ಯಾಲ ನನ್ನ ಕಾಲಿಗಿ ಕೈ ಹಚ್ಚಬ್ಯಾಡ.”

ಆಗಲಿ ಎಂದೆ. ಕಾಲಿಗೆ ಮುಲಾಮು ಬರೆದುಕೊಟ್ಟಿದ್ದರು, ಅದನ್ನು ಅಳಿಯನೇ ಹಚ್ಚಿದ.

ಎರಡು ಗಂಟೆಗೆ ಮನೆ ಮುಟ್ಟಿದೆವು. ಮಗಳಿಗೆ ಬಿಸಿ ಅನ್ನ, ಹೆಸರುಬೇಳೆ, ತುಪ್ಪ. ಎರಡನೆಯ ಸಲ ತಾನೇ ಕೇಳಿ ಹಾಕಿಸಿಕೊಂಡಳು. ಮನೆಯವರು, ಅಳಿಯ, ನಾನು ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ಸಂಜೆಯ ತನಕ ಅವಳ ಮೇಲೆ ಕಣ್ಣಿಡಬೇಕೆಂದು ಹೇಳಿದ್ದರಿಂದ ಅಳಿಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತ. ಮೊದಲು ನಿದ್ದೆ ಹೋದವನು ಅವನೇ. ಚಶ್ಮಾ ಜಾರಿ ಬೀಳುತ್ತದೆ, ತೆಗೆದಿಡು ಎಂದು ಮಗಳು ನನಗೆ ಸನ್ನೆ ಮಾಡಿದಳು. ತೆಗೆದಿಟ್ಟು ತಿರುಗುವಷ್ಟರಲ್ಲಿ ಅವಳಿಗೂ ನಿದ್ದೆ ಹತ್ತಿತ್ತು.