ಡೊಳ್ಳಿಗೆ ಬಿಟ್ಟ ಜಾಗ

ಬೀದರಿಗೆ ಬಂದ ಮೂರನೆಯ ದಿನ ಕೆಲಸ ಮುಗಿಸಿ ಬಂದು ನೋಡಿದರೆ, ಮಾಳಿಗೆಯ ಮೇಲೆ ಗಾಳಿಗಿಟ್ಟಿದ್ದ ನನ್ನ ಗಿಟಾರಿನ ಪೆಟ್ಟಿಗೆಯ ತುಂಬ ಸಂಡಿಗೆ! ಬೆರಳಿಡಲೂ ಜಾಗವಿರಲಿಲ್ಲ. ಗಿಟಾರ್ ಒಳಗಿರಲಿಲ್ಲ, ಪುಣ್ಯ. ಮನೆಯ ಮಾಲಕಿ ಶಾಂತಾಬಾಯಿ, ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ನಿವೃತ್ತ ನರ್ಸ್, ಒಂಚೂರೂ ಅಳುಕದೆ ಹೇಳಿದರು: “ಕರೀ ಡಬ್ಬಿ ಭಾಳ ಛಲೋ ಕಾಯ್ತದರಿ ಡಾಕ್ಟರಬಾಯಿ. ಒಂದೇ ದಿನಕ್ಕ ಒಣಗ್ಯಾವ ನೋಡ್ರಿ.”

ನಾನು ಪಶುವೈದ್ಯೆ. ಮೈಸೂರಿನಿಂದ ವರ್ಗವಾಗಿ ಬಂದು ಊರಂಚಿನ ಚಿದ್ರಿಯಲ್ಲಿ ಎರಡು ಕೋಣೆ ಹಿಡಿದಿದ್ದೆ. ಮೈಸೂರಿನಲ್ಲಿ ನನ್ನದೊಂದು ರಾಕ್ ಬ್ಯಾಂಡ್ ಇತ್ತು. ನಾನು ಬಸ್ಸು ಹತ್ತಿದ ತಿಂಗಳೊಳಗೆ ನನ್ನ ಜಾಗಕ್ಕೆ ಇನ್ನೊಬ್ಬನನ್ನು ತಂದುಕೊಂಡರು. ಅವರ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಇಲ್ಲಿ ನನ್ನ ‘ಕಣ್ರೀ’ ಕೇಳಿದರೆ ಜನ ನಗುತ್ತಿದ್ದರು, ಅವರ ‘ಜರಾ ತಡೀರಿ’ಗೆ, ಅಂದರೆ ಸ್ವಲ್ಪ ತಾಳಿ ಎನ್ನುವುದಕ್ಕೆ, ನನಗೆ ತಾಳ್ಮೆ ಸಾಲುತ್ತಿರಲಿಲ್ಲ. ಅನ್ನ ಸಾರು ಉಂಡ ಹೊಟ್ಟೆ ಜೋಳದ ರೊಟ್ಟಿಗೆ, ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯಕ್ಕೆ ಒಗ್ಗಲು ಮಳೆಗಾಲ ಮುಗಿಯಬೇಕಾಯಿತು. ಭಾನುವಾರಗಳಲ್ಲಂತೂ ಸುಮ್ಮನೆ ಕೂತು ಅತ್ತಿದ್ದೇನೆ.

ಆಗ ಒಬ್ಬಳೇ ಒಂದು ಆಲ್ಬಂ ಶುರುಮಾಡಿದೆ. ಮೈಸೂರಿನ ಗೆಳೆಯರು ಅದನ್ನು ‘ಸೈಡ್ ಪ್ರಾಜೆಕ್ಟ್’ ಎಂದು ಕರೆದರು, ಊಟದ ಜತೆಗಿನ ಉಪ್ಪಿನಕಾಯಿ ಎಂಬಂತೆ. ನನ್ನದು ಪ್ರೊಗ್ರೆಸಿವ್ ರಾಕ್, ಅಂದರೆ ಒಂದೇ ಹಾಡಿನಲ್ಲಿ ನಾಲ್ಕು ಊರು ಸುತ್ತಿ ಬರುವ ಸಂಗೀತ. ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದ ಶಾಂತಾಬಾಯಿ ಒಂದು ದಿನ ಹಾರ್ಮೋನಿಯಂ ಹೊತ್ತು ತಂದು, ಕೇಳದೆಯೇ ಜತೆಗೆ ಕೂತರು. ಹೀಗೆ ಒಂದು ಹಾಡು ಚರ್ಚಿನ ರಾಗದಷ್ಟು ಮೆತ್ತಗಾಯಿತು, ಒಂದು ಕಿವಿ ಒಡೆಯುವಷ್ಟು ಜೋರಾಯಿತು, ಇನ್ನೊಂದರಲ್ಲಿ ಕವ್ವಾಲಿಯ ಚಪ್ಪಾಳೆ ಬಂತು. ಕೊನೆಯ ಹಾಡಿಗೆ ಮಾತ್ರ ತಾಳವಾದ್ಯ ಬೇಕೇ ಬೇಕಿತ್ತು. ಅದೂ ಆಗದಿದ್ದರೆ ಗಿಟಾರಿನ ಸಹವಾಸವೇ ಸಾಕು, ಪೆಟ್ಟಿಗೆ ಸಂಡಿಗೆಗೇ ಇರಲಿ ಎಂದು ನಿರ್ಧರಿಸಿಬಿಟ್ಟಿದ್ದೆ.

ಹತ್ತಿರದ ಹಳ್ಳಿ ಬಗದಲಿನ ಮಾಳಪ್ಪನವರ ಕುರಿಗಳಿಗೆ ನಾನು ಲಸಿಕೆ ಹಾಕುತ್ತಿದ್ದೆ. ಅವರು ಡೊಳ್ಳಿನ ಹಾಡಿನ ಮೇಳದವರು. ಎರಡು ದಿನದಲ್ಲಿ ಕುರಿ ಹೊಡೆದುಕೊಂಡು ಭಾಲ್ಕಿ ಕಡೆಯ ಹೊಲಗಳಿಗೆ ಹೊರಟರೆ ವಾಪಸು ಬರುವುದು ಮಳೆಗಾಲಕ್ಕೇ. ಕೇಳಿದ ಕೂಡಲೇ ಒಪ್ಪಿ, ಮರುದಿನ ಮಧ್ಯಾಹ್ನ ಡೊಳ್ಳಿನೊಂದಿಗೆ ನಮ್ಮ ಮಾಳಿಗೆ ಹತ್ತಿದರು.

ನಾನು ಏಳು ಮಾತ್ರೆಯ ತಾಳದಲ್ಲಿ ಒಂದು ಸಾಲು ಎತ್ತಿದೆ. ಮಾಳಪ್ಪ ಸುಮ್ಮನೆ ನಿಂತರು. ನಾನು ನಿಲ್ಲಿಸಿದೆ, ಅವರು ಬಾರಿಸಿದರು. ಮತ್ತೆ ಎತ್ತಿದೆ, ಮತ್ತೆ ಸುಮ್ಮನಾದರು. ಐದು ಸಲ ಇದೇ ಕತೆ! ನನ್ನ ತಲೆ ಕೆಟ್ಟುಹೋಯಿತು. ನಾನು ನುಡಿಸುವಾಗಲೇ ಬಾರಿಸಬೇಕು, ಇಷ್ಟೂ ತಿಳಿಯುವುದಿಲ್ಲವೇ ಎಂದು ದನಿ ಏರಿಸಿದೆ. ಅವರು ಕೊರಳಿನಿಂದ ಡೊಳ್ಳು ತೆಗೆದು ಮೆಲ್ಲಗೆ ಕೆಳಗಿಟ್ಟರು.

“ನೀವು ಮಾತಾಡ್ಲತ್ತೀರಿ ಡಾಕ್ಟರಬಾಯಿ. ನಡುವ ನಾ ಹ್ಯಾಂಗ ಬಾರಿಸ್ಲಿ?”

ಅವರ ಮೇಳದಲ್ಲಿ ಹಾಡುವವನು ಸಾಲು ಮುಗಿಸಬೇಕು, ಆಮೇಲೆಯೇ ಡೊಳ್ಳು ಉತ್ತರ ಕೊಡಬೇಕು. ಮಾತಿನ ಮೇಲೆ ಪೆಟ್ಟು ಬಿದ್ದರೆ ಹಾಡಿದವನಿಗೆ ಅವಮಾನ. ಅಷ್ಟು ಹೊತ್ತೂ ಅವರು ನನ್ನ ಗಿಟಾರಿಗೆ ಮರ್ಯಾದೆ ಕೊಡುತ್ತಿದ್ದರು, ನಾನು ಅವರನ್ನೇ ಗದರಿಸಿದ್ದೆ. ಮುಖ ಎಲ್ಲಿಡಲಿ ಎನ್ನಿಸಿತು. ತಪ್ಪಾಯಿತು ಎಂದೆ.

“ಅವರಿಗಿ ಜರಾ ಜಾಗಾ ಬಿಡ್ರಿ,” ಎಂದರು ಹಾರ್ಮೋನಿಯಂ ಮುಂದೆ ಕೂತಿದ್ದ ಶಾಂತಾಬಾಯಿ.

ಬಿಟ್ಟೆ. ಒಂದು ಸಾಲು ನುಡಿಸಿ, ಕೈ ತಡೆದು, ಏಳು ಮಾತ್ರೆ ಖಾಲಿ ಬಿಟ್ಟೆ. ಲೆಕ್ಕವನ್ನು ಅವರಿಗೆ ಹೇಳಿಯೇ ಇರಲಿಲ್ಲ. ನಾನು ಬಿಟ್ಟ ಜಾಗವನ್ನು ಮಾಳಪ್ಪ ತುಂಬಿ, ನನ್ನ ಮುಂದಿನ ಸಾಲಿಗೆ ಸರಿಯಾಗಿ ನಿಂತರು. ಮೊದಲ ಸಲಕ್ಕೇ ಹಾಡು ಸಿಕ್ಕಿತು. ಆ ಬಿಸಿಲಿನಲ್ಲಿ ನಾನು ಅಳುತ್ತಿದ್ದರೆ ಶಾಂತಾಬಾಯಿ ಮಜ್ಜಿಗೆ ತಂದು ಕೈಗಿಟ್ಟರು. ಈ ಇಬ್ಬರ ಋಣ ದೊಡ್ಡದು. ಅವರು ಸಿಗದಿದ್ದರೆ ನಾನು ಇಷ್ಟು ಹೊತ್ತಿಗೆ ಸಂಗೀತ ಬಿಟ್ಟಿರುತ್ತಿದ್ದೆ.

ಆಲ್ಬಂ ಕೇಳಿದ ಮೈಸೂರಿನವರು ಹೊಗಳಿ, ರಜೆಗೆ ಹೋದಾಗ ತಾಲೀಮಿಗೆ ಕರೆದರು. ಅದೇ ಹಳೆಯ ಕೋಣೆ, ನಮ್ಮದೇ ಹಳೆಯ ಹಾಡು. ಮೊದಲ ಸಾಲು ನುಡಿಸಿದವಳು ಗೊತ್ತಿಲ್ಲದೆಯೇ ಕೈ ತಡೆದು ನಿಂತೆ. ಎಲ್ಲರೂ ನಿಂತರು. ಯಾಕೆ ನಿಲ್ಲಿಸಿದೆ ಎಂದು ಡ್ರಮ್ಮಿನವನು ಕೇಳಿದ.

“ಜರಾ ತಡೀರಿ,” ಎಂದೆ, “ಮಾಳಪ್ಪ ಬಾರಿಸಲಿ.”

ಯಾವ ಮಾಳಪ್ಪ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.